ಒಂದು ಪಿಂಟ್‌ನ ಲೆಕ್ಕ: ಬ್ರಿಟನ್ನಿನ ಪಬ್‌ಗಳು ಏಕೆ ಮುಚ್ಚುತ್ತಿವೆ, ಹೇಗೆ ಉಳಿದಾವು?

2000ನೇ ಇಸವಿಯಲ್ಲಿ ಬ್ರಿಟನ್ನಿನಲ್ಲಿ ಸುಮಾರು 60 ಸಾವಿರ ಪಬ್‌ಗಳಿದ್ದವು. ಈಗ ಉಳಿದಿರುವುದು 45 ಸಾವಿರದ ಆಸುಪಾಸು. ಕಾಲು ಶತಮಾನದೊಳಗೆ ನಾಲ್ಕರಲ್ಲಿ ಒಂದು ಪಬ್ಬಿಗೆ ಬೀಗ ಬಿದ್ದಿದೆ.

ಬೆಂಗಳೂರಿನ ಪಬ್‌ಗಳನ್ನಷ್ಟೇ ಕಂಡವರಿಗೆ ಇದರ ತೂಕ ತಟ್ಟಲಿಕ್ಕಿಲ್ಲ. ಚರ್ಚ್ ಸ್ಟ್ರೀಟಿನಲ್ಲೋ ಇಂದಿರಾನಗರದಲ್ಲೋ ಒಂದು ಪಬ್ ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ತೆರೆಯುತ್ತದೆ. ಬ್ರಿಟನ್ನಿನ ಹಳ್ಳಿಯ ಅಥವಾ ಹಳೆಯ ಬಡಾವಣೆಯ ಪಬ್ ಹಾಗಲ್ಲ. ಊರ ಕ್ರಿಕೆಟ್ ತಂಡದ ಸಭೆ ಅಲ್ಲೇ ನಡೆಯುತ್ತದೆ. ಶವಸಂಸ್ಕಾರ ಮುಗಿಸಿದ ಬಂಧುಗಳು ಅಲ್ಲೇ ಸೇರುತ್ತಾರೆ. ಒಂಟಿಯಾಗಿರುವ ಮುದುಕರು ದಿನಕ್ಕೊಮ್ಮೆ ನಾಲ್ಕು ಮಾತಾಡುವುದೂ ಅಲ್ಲೇ. ಅಂಚೆ ಕಚೇರಿ, ದಿನಸಿ ಅಂಗಡಿ ಒಂದೊಂದಾಗಿ ಹೋದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ಸಾರ್ವಜನಿಕರು ಕಾಲಿಡಬಹುದಾದ ಕೊನೆಯ ಬಾಗಿಲು ಪಬ್ಬಿನದೇ.

ಈ ಕುಸಿತಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ ಸಾಲಿನದು: ಜನ ಬರುವುದು ಕಡಿಮೆಯಾಯಿತು. ಅದು ನಿಜ, ಆದರೆ ಅರ್ಧ ನಿಜ. ಗಿರಾಕಿ ಎಲ್ಲಿಗೆ ಹೋದ, ಕೊಟ್ಟ ಹಣ ಯಾರ ಕೈ ಸೇರುತ್ತದೆ, ಕಟ್ಟಡ ಯಾರದು ಎಂಬ ಮೂರನ್ನೂ ಒಟ್ಟಿಗೆ ನೋಡಿದರೆ ಮಾತ್ರ ಪೂರ್ತಿ ಚಿತ್ರ ಸಿಗುತ್ತದೆ. ಉಳಿದುಕೊಂಡ ಪಬ್‌ಗಳು ಏನು ಮಾಡಿದವು ಎಂಬುದೂ ಆಗಲೇ ಅರ್ಥವಾಗುತ್ತದೆ.

ಐದು ಪೌಂಡ್‌ನಲ್ಲಿ ಯಾರಿಗೆಷ್ಟು?

ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಅದರ ಬೆಲೆ ಊರಿಂದ ಊರಿಗೆ ಬೇರೆ. ಲೆಕ್ಕಕ್ಕೆ 5 ಪೌಂಡ್ ಎಂದು ಹಿಡಿಯೋಣ. ಇದರಲ್ಲಿ ಶೇ. 20 ದರದ ವ್ಯಾಟ್ 83 ಪೆನ್ಸ್. ಶೇ. 4 ಮದ್ಯಾಂಶದ ಬಿಯರ್ ಆದರೆ 2025ರ ದರದಂತೆ ಅಬಕಾರಿ ಸುಂಕ ಸುಮಾರು 43 ಪೆನ್ಸ್. ಎರಡೂ ಸೇರಿ ಕಾಲು ಭಾಗ ಸರ್ಕಾರಕ್ಕೆ ಹೋಯಿತು. ಉಳಿದ 3 ಪೌಂಡ್ 74 ಪೆನ್ಸ್‌ನಲ್ಲಿ ಬಿಯರ್ ಖರೀದಿ, ಬಾಡಿಗೆ, ಸಂಬಳ, ವಿದ್ಯುತ್, ಗ್ಯಾಸ್, ವಿಮೆ, ರಿಪೇರಿ ಎಲ್ಲ ಆಗಬೇಕು.

ಇವುಗಳ ಜೊತೆಗೆ ಬಿಸಿನೆಸ್ ರೇಟ್ಸ್ ಎಂಬ ಕಟ್ಟಡ ತೆರಿಗೆ ಇದೆ. ಸಾಮಾನ್ಯ ಅಂಗಡಿಗೆ ಇದನ್ನು ಮುಖ್ಯವಾಗಿ ಜಾಗದ ವಿಸ್ತೀರ್ಣ ನೋಡಿ ಅಂದಾಜು ಮಾಡುತ್ತಾರೆ. ಪಬ್ಬಿಗೆ ಮಾತ್ರ, ಅದು ಎಷ್ಟು ವ್ಯಾಪಾರ ಮಾಡಬಲ್ಲದು ಎಂಬ ಲೆಕ್ಕದ ಮೇಲೆ ಹಾಕುತ್ತಾರೆ. ಕಷ್ಟಪಟ್ಟು ವ್ಯಾಪಾರ ಕುದುರಿಸಿದವರಿಗೆ ಮುಂದಿನ ಮೌಲ್ಯಮಾಪನದಲ್ಲಿ ತೆರಿಗೆಯೂ ಏರುತ್ತದೆ.

2025ರ ಏಪ್ರಿಲ್‌ನಲ್ಲಿ ಮೂರು ಹೊರೆಗಳು ಒಟ್ಟಿಗೇ ಬಿದ್ದವು. ಕನಿಷ್ಠ ವೇತನ ಗಂಟೆಗೆ 12.21 ಪೌಂಡ್‌ಗೆ ಏರಿತು. ಮಾಲೀಕರು ಕಟ್ಟಬೇಕಾದ ರಾಷ್ಟ್ರೀಯ ವಿಮೆಯ ದರ ಶೇ. 13.8ರಿಂದ 15ಕ್ಕೆ ಹೋಯಿತು. ವರ್ಷಕ್ಕೆ 9,100 ಪೌಂಡ್ ಮೀರಿದ ಸಂಬಳಕ್ಕೆ ಮಾತ್ರ ಇದ್ದ ಆ ಪಾವತಿ 5,000 ಪೌಂಡ್ ದಾಟಿದ ಕೂಡಲೇ ಶುರುವಾಯಿತು. ಇಂಗ್ಲೆಂಡಿನಲ್ಲಿ ಕಟ್ಟಡ ತೆರಿಗೆಗೆ ಸಿಗುತ್ತಿದ್ದ ಶೇ. 75ರ ರಿಯಾಯಿತಿ 40ಕ್ಕೆ ಇಳಿಯಿತು. ಸಂಜೆ ನಾಲ್ಕು ಗಂಟೆ ದುಡಿಯುವ ವಿದ್ಯಾರ್ಥಿಗಳು, ವಾರದಲ್ಲಿ ಎರಡು ದಿನ ಬರುವ ಗೃಹಿಣಿಯರಂಥವರೇ ಪಬ್ಬಿನ ಕೆಲಸಗಾರರಲ್ಲಿ ಹಲವರು. ಹಾಗಾಗಿ 5,000 ಪೌಂಡ್‌ನ ಮಿತಿ ತಗುಲಿದ್ದು ಇಂಥ ಅರೆಕಾಲಿಕರನ್ನು ಇಟ್ಟುಕೊಂಡ ವ್ಯವಹಾರಗಳಿಗೇ ಹೆಚ್ಚು.

ಪೀಪಾಯಿಯ ಮೂರು ದಿನ

ಸಾಂಪ್ರದಾಯಿಕ ಪಬ್ಬಿನ ಹೆಮ್ಮೆ ಕಾಸ್ಕ್ ಏಲ್. ಪೀಪಾಯಿಯೊಳಗೇ ಹುದುಗುತ್ತ ಪಕ್ವವಾಗುವ ಈ ಬಿಯರನ್ನು ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ತಂಪಿನಲ್ಲಿಟ್ಟು, ಹ್ಯಾಂಡ್ ಪಂಪಿನಿಂದ ಎಳೆದು ಕೊಡುತ್ತಾರೆ. 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಗ್ರಾಹಕ ಸಂಘಟನೆ, ಕಾರ್ಖಾನೆಯ ಅನಿಲ ತುಂಬಿದ ಬಿಯರಿನ ಎದುರು ಇದನ್ನು ಉಳಿಸಲೆಂದೇ ಹೋರಾಡಿತು.

ಆದರೆ ಪೀಪಾಯಿ ತೆರೆದ ಮೇಲೆ ಒಳಗೆ ಗಾಳಿ ಸೇರುತ್ತದೆ. ಮೂರು ದಿನ ಕಳೆದರೆ ರುಚಿ ಕೆಡತೊಡಗುತ್ತದೆ. ಫರ್ಕಿನ್ ಎನ್ನುವ ಮಾಮೂಲಿ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪಿಂಟ್ ಹಿಡಿಯುತ್ತದೆ. ಮೂರು ದಿನಕ್ಕೆ ಮುಗಿಯಬೇಕಾದರೆ ದಿನಕ್ಕೆ 24 ಪಿಂಟ್ ಹೋಗಬೇಕು. ಕೌಂಟರಿನಲ್ಲಿ ಮೂರು ಬಗೆಯ ಏಲ್ ಇಟ್ಟರೆ ದಿನಕ್ಕೆ 72. ಶನಿವಾರ ಇದು ಸುಲಭ. ಮಳೆ ಹಿಡಿದ ಮಂಗಳವಾರ ಹೇಗೆ?

ಅವನತಿ ಶುರುವಾಗುವುದು ಇಲ್ಲೇ. ಗಿರಾಕಿ ಕಡಿಮೆಯಾದರೆ ಬಿಯರ್ ಹೆಚ್ಚು ದಿನ ನಿಲ್ಲುತ್ತದೆ. ನಿಂತ ಬಿಯರ್ ಹುಳಿಯಾಗುತ್ತದೆ. ಹುಳಿ ಬಿಯರ್ ಕುಡಿದವರು ದೂರು ಹೇಳುವುದಿಲ್ಲ, ಮತ್ತೆ ಬರುವುದಿಲ್ಲ ಅಷ್ಟೇ. ನಷ್ಟ ತುಂಬಲು ಬೆಲೆ ಏರಿಸಿದರೆ ಉಳಿದವರೂ ಕಳಚಿಕೊಳ್ಳುತ್ತಾರೆ. ಮಾರಾಟ ತಗ್ಗಿದ ಪಬ್ ಮೊದಲು ಮಾಡಬೇಕಾದ ಕೆಲಸ ಬಗೆಗಳನ್ನು ಕಡಿಮೆ ಮಾಡಿ, ಇರುವ ಒಂದೆರಡನ್ನು ತಾಜಾ ಕೊಡುವುದು. ಪಿನ್ ಎನ್ನುವ 36 ಪಿಂಟ್‌ನ ಅರ್ಧ ಪೀಪಾಯಿ ಇರುವುದು ಇಂಥವರಿಗಾಗಿಯೇ.

ಗಿರಾಕಿ ಹೋದದ್ದೆಲ್ಲಿಗೆ?

ಬಹುಪಾಲು ಜನ ಮನೆಗೇ ಹೋದರು. 1970ರ ದಶಕದಲ್ಲಿ ಬ್ರಿಟನ್ನಿನ ಬಿಯರಿನಲ್ಲಿ ಬಹುಪಾಲು ಪಬ್, ಕ್ಲಬ್‌ಗಳಲ್ಲೇ ಖರ್ಚಾಗುತ್ತಿತ್ತು. 2010ರ ದಶಕದ ನಡುವಿಗೆ ಬರುವಾಗ ಅಂಗಡಿ, ಸೂಪರ್ ಮಾರ್ಕೆಟ್‌ಗಳ ಮಾರಾಟ ಪಬ್‌ಗಳನ್ನು ಮೀರಿತು. ಸೂಪರ್ ಮಾರ್ಕೆಟಿಗೆ ಬಿಯರ್ ಎಂದರೆ ಜನರನ್ನು ಒಳಗೆ ಸೆಳೆಯುವ ಸರಕು. ಅದರಲ್ಲಿ ಲಾಭ ಬಾರದಿದ್ದರೂ ಬೇರೆ ಸಾಮಾನಿನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿನ ಬಹುತೇಕ ಆಹಾರಕ್ಕೆ ವ್ಯಾಟ್ ಇಲ್ಲ; ಪಬ್ಬಿನಲ್ಲಿ ಬಡಿಸಿದ ಊಟಕ್ಕೆ ಶೇ. 20 ಇದೆ.

ಕಾನೂನುಗಳೂ ದಾರಿ ಬದಲಿಸಿದವು. 1967ರ ರಸ್ತೆ ಸುರಕ್ಷತಾ ಕಾಯ್ದೆ ಚಾಲಕರಿಗೆ ಮದ್ಯದ ಮಿತಿ ವಿಧಿಸಿ ಉಸಿರು ಪರೀಕ್ಷೆ ತಂದಿತು. 2014ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡ್ ಮಿತಿಯನ್ನು ಇನ್ನೂ ಇಳಿಸಿತು. ಬಸ್ಸಿಲ್ಲದ ಊರಿನ ಪಬ್ಬಿಗೆ ಕಾರಿನಲ್ಲಿ ಬರುತ್ತಿದ್ದವರು ಬರುವುದನ್ನು ಬಿಟ್ಟರು. 2006ರಲ್ಲಿ ಸ್ಕಾಟ್ಲೆಂಡಿನಲ್ಲಿ, 2007ರಲ್ಲಿ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಒಳಾಂಗಣ ಧೂಮಪಾನ ನಿಷೇಧವಾಯಿತು. ಹಿತ್ತಲಿಲ್ಲದ, ಊಟ ಕೊಡದ ಪಬ್‌ಗಳಿಗೆ ಅದರಿಂದ ಪೆಟ್ಟಾಯಿತು. ಈ ಎರಡೂ ಕಾನೂನುಗಳು ಜೀವ ಉಳಿಸಿದವು, ಅವನ್ನು ಹಿಂದಕ್ಕೆ ತಗೊಳ್ಳಿ ಎಂದು ಯಾರೂ ಕೇಳಬಾರದು. ಪಬ್ಬೇ ಬದಲಾಗಬೇಕಿತ್ತು.

ದುಡಿಮೆಯ ಲಯವೂ ಮುರಿಯಿತು. ಕಲ್ಲಿದ್ದಲ ಗಣಿ, ಉಕ್ಕಿನ ಕುಲುಮೆ, ಹಡಗುಕಟ್ಟೆಗಳ ಪಾಳಿ ಬಿಟ್ಟ ಹೊತ್ತಿಗೆ ತುಂಬುತ್ತಿದ್ದ ಪಬ್‌ಗಳು, ಆ ಕೆಲಸಗಳು ಮುಚ್ಚಿದಾಗ ತಮ್ಮ ಕಾರಣವನ್ನೇ ಕಳೆದುಕೊಂಡವು. ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಿ, ಕಚೇರಿ ಬಿಟ್ಟು ಬರುವವರ ಗುಂಪುಗಳೂ ತೆಳುವಾದವು. ಇಂದಿನ ಯುವಕರಂತೂ ತಂದೆತಾಯಿ ಆ ವಯಸ್ಸಿನಲ್ಲಿ ಕುಡಿಯುತ್ತಿದ್ದುದಕ್ಕಿಂತ ಕಡಿಮೆ ಕುಡಿಯುತ್ತಾರೆ.

ಕುಡಿತದ ಜಾಗ ಮುಚ್ಚಿದರೆ ಒಳ್ಳೆಯದೇ ಅಲ್ಲವೇ ಎಂಬ ಪ್ರಶ್ನೆ ನಮ್ಮ ಓದುಗರಲ್ಲಿ ಏಳುವುದು ಸಹಜ. ನ್ಯಾಯವಾದ ಪ್ರಶ್ನೆ. ಜನ ಕಡಿಮೆ ಕುಡಿದರೆ ಖಂಡಿತ ಒಳ್ಳೆಯದು. ಆದರೆ ಪಬ್ ಮುಚ್ಚಿದರೆ ಕುಡಿತ ಮುಚ್ಚುತ್ತದೆ ಎನ್ನುವಂತಿಲ್ಲ. ಮದ್ಯದಿಂದಲೇ ಆದವು ಎಂದು ದಾಖಲಾದ ಸಾವುಗಳು ಬ್ರಿಟನ್ನಿನಲ್ಲಿ 2019ರಲ್ಲಿ 7,565 ಇದ್ದವು. ಪಬ್‌ಗಳಿಗೆ ಸರ್ಕಾರವೇ ತಿಂಗಳುಗಟ್ಟಲೆ ಬಾಗಿಲು ಹಾಕಿಸಿದ 2020ರಲ್ಲಿ 8,974 ಆದವು. 2022ರಲ್ಲಿ ಹತ್ತು ಸಾವಿರ ದಾಟಿದವು. ಮೊದಲೇ ಹೆಚ್ಚು ಕುಡಿಯುತ್ತಿದ್ದವರು ಮನೆಯೊಳಗೆ ಇನ್ನೂ ಹೆಚ್ಚು ಕುಡಿದರು. ಪಬ್ಬಿನಲ್ಲಿ ಕಡೇಪಕ್ಷ ಸಾಕು ಎನ್ನುವವರೊಬ್ಬರು ಕೌಂಟರಿನ ಹಿಂದೆ ಇರುತ್ತಾರೆ. ಮಿತಿಮೀರಿದವರಿಗೆ ಮದ್ಯ ಕೊಡುವುದು ಅಲ್ಲಿ ಅಪರಾಧ ಕೂಡ.

ಕಟ್ಟಡ ಯಾರದು, ಬಿಯರ್ ಯಾರದು?

ಪಬ್ ನಡೆಸುವವರೇ ಅದರ ಒಡೆಯರು ಎಂದುಕೊಂಡರೆ ತಪ್ಪಾದೀತು. ಅನೇಕರು ಬಾಡಿಗೆದಾರರು, ಅದೂ 'ಟೈ' ಎಂಬ ಕಟ್ಟುಪಾಡಿಗೆ ಒಳಪಟ್ಟವರು. ಕಟ್ಟಡದ ಒಡೆತನದ ಕಂಪನಿ ಹೇಳಿದ ಬಿಯರನ್ನು, ಅದು ಹೇಳಿದ ಬೆಲೆಗೇ ಕೊಳ್ಳಬೇಕು. ಆ ಬೆಲೆ ಸಾಮಾನ್ಯವಾಗಿ ಮುಕ್ತ ಮಾರುಕಟ್ಟೆಗಿಂತ ಹೆಚ್ಚು. ಇದಕ್ಕೆ ಬದಲಾಗಿ ಬಾಡಿಗೆ ಕಡಿಮೆ, ಕೈಯಿಂದ ಹಾಕುವ ಬಂಡವಾಳವೂ ಕಡಿಮೆ ಎಂಬುದು ಒಪ್ಪಂದದ ತಾತ್ಪರ್ಯ. ಹಣವಿಲ್ಲದವರಿಗೆ ಈ ವ್ಯಾಪಾರಕ್ಕೆ ಇಳಿಯಲು ಇದು ದಾರಿಯಾದದ್ದೂ ಉಂಟು. ಮಾರಾಟ ಕುಸಿದಾಗ ಮಾತ್ರ ಅದೇ ಉರುಳಾಗುತ್ತದೆ.

ಇಂದಿನ ಸ್ಥಿತಿಯ ಬೇರು 1989ರಲ್ಲಿದೆ. ಆಗ ಆರು ದೊಡ್ಡ ಕಂಪನಿಗಳು ದೇಶದ ಮುಕ್ಕಾಲು ಪಾಲು ಬಿಯರ್ ತಯಾರಿಸುತ್ತಿದ್ದವು, ಸಾವಿರಾರು ಪಬ್‌ಗಳನ್ನೂ ಇಟ್ಟುಕೊಂಡಿದ್ದವು. ಈ ಏಕಸ್ವಾಮ್ಯ ಮುರಿಯಲು ಸರ್ಕಾರ 'ಬಿಯರ್ ಆರ್ಡರ್ಸ್' ಹೊರಡಿಸಿತು. ಬ್ರೂವರಿಯೊಂದರ ಕೈಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪಬ್‌ಗಳಿದ್ದರೆ ಆ ಹೆಚ್ಚುವರಿಯಲ್ಲಿ ಅರ್ಧವನ್ನು ಮಾರಬೇಕು, ಇಲ್ಲವೇ ಟೈನಿಂದ ಬಿಡಿಸಬೇಕು. ಉದ್ದೇಶ ಒಳ್ಳೆಯದೇ. ಆದರೆ ಆದೇಶ ಬಿಗಿ ಹಿಡಿದದ್ದು ಬ್ರೂವರಿಗಳನ್ನು ಮಾತ್ರ. ಅವರು ಮಾರಿದ ಪಬ್‌ಗಳನ್ನು ಬಿಯರನ್ನೇ ತಯಾರಿಸದ ಹೊಸ ಕಂಪನಿಗಳು ಕೊಂಡವು, ಟೈ ಹಾಗೆಯೇ ಮುಂದುವರಿಯಿತು. ಎಂಟರ್‌ಪ್ರೈಸ್ ಇನ್ಸ್, ಪಂಚ್ ಟ್ಯಾವರ್ನ್ಸ್ ಎಂಬೆರಡು ಕಂಪನಿಗಳು ತಮ್ಮ ಉತ್ತುಂಗದಲ್ಲಿ ತಲಾ ಏಳು ಸಾವಿರಕ್ಕೂ ಹೆಚ್ಚು ಪಬ್‌ಗಳ ಒಡೆಯರಾಗಿದ್ದವು. ಬರಲಿರುವ ಬಾಡಿಗೆಯನ್ನೇ ಆಧಾರವಾಗಿ ತೋರಿಸಿ ಅಪಾರ ಸಾಲ ಎತ್ತಿದ್ದವು. 2008ರ ಆರ್ಥಿಕ ಕುಸಿತ ಬಂದಾಗ ಸಾಲ ತೀರಿಸಲು ಸಾವಿರಾರು ಪಬ್‌ಗಳನ್ನು ಮಾರಿದವು.

ಕೊಂಡವರೆಲ್ಲರಿಗೂ ಪಬ್ ಬೇಕಿರಲಿಲ್ಲ. ಲಂಡನ್ನಿನಂಥ ಕಡೆ ಅದೇ ಜಾಗದಲ್ಲಿ ಫ್ಲ್ಯಾಟ್ ಕಟ್ಟಿದರೆ ಸಿಗುವ ಹಣ ಪಬ್ಬಿನ ಹಲವು ವರ್ಷಗಳ ಲಾಭಕ್ಕಿಂತ ದೊಡ್ಡದು. ಗಿರಾಕಿಗಳಿದ್ದ ಪಬ್‌ಗಳೂ ಹೀಗೆ ಹೋದವು. ಉತ್ತರ ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಪಬ್ಬನ್ನು 2015ರ ಏಪ್ರಿಲ್‌ನಲ್ಲಿ ಮಾಲೀಕರು ಅನುಮತಿಯಿಲ್ಲದೆ ಕೆಡವಿಹಾಕಿದರು. ಬಡಾವಣೆಯವರು ಬಿಡಲಿಲ್ಲ. ಇದ್ದ ಹಾಗೆಯೇ ಮರಳಿ ಕಟ್ಟಬೇಕೆಂದು ವೆಸ್ಟ್‌ಮಿನ್‌ಸ್ಟರ್ ನಗರಾಡಳಿತ ಆದೇಶ ಕೊಟ್ಟಿತು. ಆರು ವರ್ಷಗಳ ಬಳಿಕ, 2021ರ ಏಪ್ರಿಲ್‌ನಲ್ಲಿ, ಅದೇ ಜಾಗದಲ್ಲಿ ಅದೇ ರೂಪದಲ್ಲಿ ಆ ಪಬ್ ಮತ್ತೆ ತೆರೆಯಿತು.

ಕಾನೂನು ನಿಧಾನವಾಗಿ ಎಚ್ಚೆತ್ತಿದೆ. 2016ರ ಪಬ್ಸ್ ಕೋಡ್ ಪ್ರಕಾರ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಐನೂರು ಅಥವಾ ಹೆಚ್ಚು ಟೈ ಪಬ್ ಇರುವ ಕಂಪನಿಗಳ ಬಾಡಿಗೆದಾರರು ಕೆಲವು ಸಂದರ್ಭಗಳಲ್ಲಿ ಟೈ ಬಿಟ್ಟು, ಮಾರುಕಟ್ಟೆ ಬಾಡಿಗೆಯನ್ನಷ್ಟೇ ಕೊಡುವ ಹಕ್ಕು ಕೇಳಬಹುದು. 2017ರಿಂದ ಇಂಗ್ಲೆಂಡಿನಲ್ಲಿ ಪಬ್ಬನ್ನು ಅಂಗಡಿಯಾಗಿ ಬದಲಿಸಲು ಅಥವಾ ಕೆಡವಲು ಯೋಜನಾ ಅನುಮತಿ ಬೇಕೇ ಬೇಕು.

ಉಳಿದವರು ಏನು ಮಾಡಿದರು?

ಮೊದಲ ದಾರಿ ದೊಡ್ಡದಾಗುವುದು. 1979ರಲ್ಲಿ ಟಿಮ್ ಮಾರ್ಟಿನ್ ಉತ್ತರ ಲಂಡನ್ನಿನಲ್ಲಿ ಶುರುಮಾಡಿದ ವೆದರ್‌ಸ್ಪೂನ್ ಹಳೆಯ ಚಿತ್ರಮಂದಿರ, ಬ್ಯಾಂಕ್ ಕಟ್ಟಡಗಳನ್ನು ಪಬ್ ಮಾಡಿ, ಬೆಳಗಿನ ಉಪಾಹಾರದಿಂದ ರಾತ್ರಿಯವರೆಗೆ ಕಡಿಮೆ ಬೆಲೆಗೆ ಮಾರಿತು. ಬೇರೆಯವರು ಅಡುಗೆಮನೆಯನ್ನು ಮುಂದಿಟ್ಟರು. ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ 2018ರಲ್ಲಿ ಗುರುತಿಸಿದಂತೆ, ಹತ್ತು ವರ್ಷಗಳಲ್ಲಿ ಹನ್ನೊಂದು ಸಾವಿರದಷ್ಟು ಪಬ್‌ಗಳು ಹೋದರೂ ಆ ಕ್ಷೇತ್ರದ ಉದ್ಯೋಗ ಇಳಿಯಲಿಲ್ಲ. ಚಿಕ್ಕವು ಮುಚ್ಚಿದ್ದವು, ಉಳಿದವು ಊಟ ಬಡಿಸುತ್ತ ಬೆಳೆದಿದ್ದವು. ಆದರೆ ಇದು ಜಾಗ, ಪಾರ್ಕಿಂಗ್, ಒಳ್ಳೆಯ ಬಾಣಸಿಗ ಇದ್ದವರ ದಾರಿ. ಎರಡು ಕೋಣೆಯ ಪಬ್ ಅಡುಗೆಮನೆಗೆ ಸಾಲ ಮಾಡಿದರೆ ಸೋಮವಾರದಿಂದ ಗುರುವಾರದವರೆಗೆ ಬಾಣಸಿಗನ ಸಂಬಳವೇ ಹೊರೆಯಾಗುತ್ತದೆ.

ಎರಡನೆಯದು ಇದಕ್ಕೆ ತೀರಾ ವಿರುದ್ಧ: ಚಿಕ್ಕದಾಗುವುದು. 2005ರಲ್ಲಿ ಕೆಂಟ್ ಪ್ರಾಂತದ ಹರ್ನ್ ಎಂಬ ಹಳ್ಳಿಯಲ್ಲಿ ಮಾರ್ಟಿನ್ ಹಿಲಿಯರ್ ಹಳೆಯ ಮಾಂಸದಂಗಡಿಯೊಂದನ್ನು ಬುಚರ್ಸ್ ಆರ್ಮ್ಸ್ ಎಂಬ ಪಬ್ ಮಾಡಿದರು. ಒಂದೇ ಪುಟ್ಟ ಕೋಣೆ. ಸಂಗೀತವಿಲ್ಲ, ಜೂಜಿನ ಯಂತ್ರವಿಲ್ಲ. ಪೀಪಾಯಿಯಿಂದ ಬಂದ ಏಲ್ ಮತ್ತು ಮಾತುಕತೆ, ಇಷ್ಟೇ. ಪರವಾನಗಿ ಸಿಗುವುದನ್ನು ಹೊಸ ಕಾಯ್ದೆ ಆಗಷ್ಟೇ ಸುಲಭಗೊಳಿಸಿತ್ತು. ಬಾಡಿಗೆ, ಸಂಬಳ, ವಿದ್ಯುತ್ ಎಲ್ಲವೂ ಅಲ್ಪ. ಕೋಣೆ ಚಿಕ್ಕದಾದ್ದರಿಂದ ಹತ್ತು ಜನ ಬಂದರೂ ತುಂಬಿದಂತೆ ಕಾಣುತ್ತದೆ. ಈ ಮಾದರಿಯ ನೂರಾರು ಮೈಕ್ರೋಪಬ್‌ಗಳು ಇಂದು ಖಾಲಿ ಬಿದ್ದ ಅಂಗಡಿ ಮಳಿಗೆಗಳಲ್ಲಿ ನಡೆಯುತ್ತಿವೆ.

ಮೂರನೆಯ ದಾರಿಯನ್ನು ತೋರಿಸಿದವರು ಭಾರತದಿಂದ ಹೋದವರು. ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್, ವೆಸ್ಟ್ ಬ್ರಾಮಿಚ್‌ಗಳ ಎರಕದ ಕಾರ್ಖಾನೆಗಳಿಗೆ ದುಡಿಯಲು ಬಂದ ಪಂಜಾಬಿಗಳನ್ನು 1960ರ ದಶಕದಲ್ಲಿ ಎಷ್ಟೋ ಪಬ್‌ಗಳು ಬಣ್ಣ ನೋಡಿ ಹೊರಗಿಡುತ್ತಿದ್ದವು, ಇಲ್ಲವೇ ಬೇರೆ ಕೋಣೆಗೆ ಕಳಿಸುತ್ತಿದ್ದವು. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಇದರ ವಿರುದ್ಧ ಹೋರಾಡಿತು. 1965ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೆ ಬಂದು ಈ ತಾರತಮ್ಯವನ್ನು ಕಣ್ಣಾರೆ ಕಂಡರು. ಅದೇ ವರ್ಷದ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಮುಂದೆ ಕಾರ್ಖಾನೆಗಳು ಮುಚ್ಚಿ ಬಿಳಿಯ ಗಿರಾಕಿಗಳು ಕರಗಿದಾಗ, ಸೋತ ಪಬ್‌ಗಳನ್ನು ಹಿಡಿದೆತ್ತಿದವರು ಅದೇ ವಲಸಿಗ ಕುಟುಂಬಗಳು. ಕೌಂಟರ್, ಡಾರ್ಟ್ಸ್ ಹಲಗೆ, ಏಲ್ ಪಂಪು ಹಾಗೆಯೇ ಇದ್ದವು. ಹಿಂದಿನ ಕೋಣೆಯಲ್ಲಿ ಕೆಂಡದ ಮೇಲೆ ಕೋಳಿ, ಕುರಿ ಮಾಂಸ ಬೇಯತೊಡಗಿತು. ಮಿಕ್ಸ್‌ಡ್ ಗ್ರಿಲ್ ಮತ್ತು ನಾನ್‌ಗಾಗಿ ಇಂದು ದೂರದೂರದಿಂದ ಎಲ್ಲ ಬಣ್ಣದವರೂ ಈ 'ದೇಸಿ ಪಬ್'ಗಳಿಗೆ ಬರುತ್ತಾರೆ. ಸುತ್ತಲಿನ ಜನ ಬದಲಾದಾಗ ಪಬ್ಬೂ ಅವರದಾಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬ್ರಿಟನ್ನಿನಲ್ಲಿ ಸಿಗದು.

ನಾಲ್ಕನೆಯದು ನಮ್ಮ ಸಹಕಾರ ಸಂಘಗಳನ್ನು ಬಲ್ಲವರಿಗೆ ಬೇಗ ಅರ್ಥವಾಗುವಂಥದ್ದು. 2003ರಲ್ಲಿ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು ಷೇರು ಹಾಕಿ ಓಲ್ಡ್ ಕ್ರೌನ್ ಪಬ್ಬನ್ನು ಕೊಂಡರು. ಉತ್ತರ ಯಾರ್ಕ್‌ಶೈರಿನ ಹಡ್ಸ್‌ವೆಲ್‌ನಲ್ಲಿದ್ದ ಒಂದೇ ಪಬ್, ಜಾರ್ಜ್ ಆ್ಯಂಡ್ ಡ್ರ್ಯಾಗನ್, 2008ರಲ್ಲಿ ಮುಚ್ಚಿತು. ಊರವರೇ ಹಣ ಕೂಡಿಸಿ 2010ರಲ್ಲಿ ಅದನ್ನು ತೆರೆದರು. ಒಳಗೆ ಪುಟ್ಟ ಗ್ರಂಥಾಲಯ, ಸ್ವಯಂಸೇವಕರು ನಡೆಸುವ ದಿನಸಿ ಅಂಗಡಿ, ಹಿಂದೆ ತರಕಾರಿ ಮಡಿಗಳು ಬಂದವು. ಕ್ಯಾಮ್ರಾ ಅದನ್ನು 2016ರ ರಾಷ್ಟ್ರದ ಅತ್ಯುತ್ತಮ ಪಬ್ ಎಂದು ಆರಿಸಿತು. ಬ್ರೈಟನ್ನಿನ ಬೆವೆಂಡೀನ್ ಎಂಬ ಬಡ ಬಡಾವಣೆಯಲ್ಲಿ ನೂರಾರು ಜನರ ಷೇರಿನಿಂದ 2014ರ ಕೊನೆಗೆ ತೆರೆದ 'ಬೆವಿ', ವಯಸ್ಸಾದವರಿಗೆ ಜೊತೆಯಲ್ಲಿ ಕೂತು ಉಣ್ಣುವ ಮಧ್ಯಾಹ್ನಗಳನ್ನು ಏರ್ಪಡಿಸಿತು. ಇಂಥ ಸಮುದಾಯದ ಪಬ್‌ಗಳು ಇಂದು 150ಕ್ಕೂ ಹೆಚ್ಚಿವೆ. ಪ್ಲಂಕೆಟ್ ಎಂಬ ದತ್ತಿಸಂಸ್ಥೆ ಅವಕ್ಕೆ ದಾರಿ ತೋರುತ್ತದೆ. ಷೇರುದಾರರೇ ಗಿರಾಕಿಗಳಾದ್ದರಿಂದ ಅವರು ಲಾಭಾಂಶಕ್ಕಿಂತ ಬಾಗಿಲು ತೆರೆದಿರುವುದನ್ನು ಬಯಸುತ್ತಾರೆ. ಈ ಮಾದರಿಯ ಬಲ ಅಲ್ಲಿದೆ.

ಪಬ್ ಕೈಗೆತ್ತಿಕೊಳ್ಳುವವರು ನೋಡಬೇಕಾದ್ದು

ಈ ನಾಲ್ಕು ದಾರಿಗಳಿಂದ ಕಲಿಯಬಹುದಾದ ಕ್ರಮ ಹೀಗಿದೆ.

1. ಮೊದಲು ಒಪ್ಪಂದ ಓದಿ. ಟೈ ಇದೆಯೇ, ರಿಪೇರಿಯ ಹೊಣೆ ಯಾರದು, ಬಾಡಿಗೆ ಯಾವಾಗ ಪರಿಷ್ಕರಣೆಯಾಗುತ್ತದೆ ಎಂಬುದು ಗೊತ್ತಿಲ್ಲದೆ ಸಹಿ ಹಾಕಬಾರದು. ಎಷ್ಟೇ ಒಳ್ಳೆಯ ಆತಿಥ್ಯವೂ ಕೆಟ್ಟ ಗುತ್ತಿಗೆಯನ್ನು ಸರಿಪಡಿಸಲಾರದು.

2. ವಾರದ ಒಂದೊಂದು ಗಂಟೆಯ ಮಾರಾಟ ಬರೆದಿಡಿ. ಶುಕ್ರವಾರ ರಾತ್ರಿ ಇನ್ನಷ್ಟು ತುಂಬಿಸುವುದಕ್ಕಿಂತ ಖಾಲಿ ಹೊತ್ತಿಗೆ ಬೇರೆ ಕೆಲಸ ಹುಡುಕುವುದು ಲಾಭಕರ. ಕಟ್ಟಡದ ಬಾಡಿಗೆ ಹೇಗೂ ಹೋಗುತ್ತಿರುತ್ತದೆ. ಬೆಳಗ್ಗೆ ಕಾಫಿ, ತಾಯಂದಿರ ಗುಂಪು, ಲ್ಯಾಪ್‌ಟಾಪ್ ಹಿಡಿದು ಬರುವವರಿಗೆ ಮೇಜು, ವಾರದಲ್ಲಿ ಎರಡು ದಿನ ಅಂಚೆ ಸೇವೆ, ಇವೆಲ್ಲ ಆಗಲೇ ಹೊಂದುತ್ತವೆ. 2001ರಲ್ಲಿ ಶುರುವಾದ 'ಪಬ್ ಈಸ್ ದ ಹಬ್' ಸಂಸ್ಥೆ ಇಂಥ ಸೇವೆಗಳನ್ನು ಸೇರಿಸಲೆಂದೇ ಸಲಹೆ, ನೆರವು ಕೊಡುತ್ತದೆ.

3. ಮಾರುವ ಬಗೆಗಳನ್ನು ಕಡಿಮೆ ಮಾಡಿ, ಗುಣ ಹೆಚ್ಚಿಸಿ. ಎರಡು ತಾಜಾ ಏಲ್ ಆರು ಹಳಸಿದವುಗಳಿಗಿಂತ ಮೇಲು. ಊಟಕ್ಕೂ ಇದೇ ಮಾತು. ಅಡುಗೆಮನೆ ಇಲ್ಲದಿದ್ದರೆ ವಾರಕ್ಕೊಮ್ಮೆ ಹೊರಗಿನ ಅಡುಗೆ ಗಾಡಿಯನ್ನು ಅಂಗಳಕ್ಕೆ ಕರೆಯಬಹುದು.

4. ಕುಡಿಯದವರನ್ನು ಗೌರವದಿಂದ ಕಾಣಿ. ಮದ್ಯರಹಿತ ಬಿಯರ್ ಈಗ ಪಂಪಿನಿಂದಲೇ ಬರುತ್ತದೆ, ರುಚಿಯೂ ಸುಧಾರಿಸಿದೆ. ನಾಲ್ವರ ಗುಂಪಿನಲ್ಲಿ ಒಬ್ಬರಿಗೆ ಬರೀ ನಿಂಬೆ ಸೋಡಾ ಗತಿಯಾದರೆ ಇಡೀ ಗುಂಪು ಬೇರೆಡೆ ಹೋಗುತ್ತದೆ.

5. ಸುತ್ತಲಿನ ಮನೆಗಳಲ್ಲಿ ಈಗ ಯಾರಿದ್ದಾರೆ ನೋಡಿ. ಇಪ್ಪತ್ತು ವರ್ಷ ಹಿಂದಿನ ಗಿರಾಕಿಗಾಗಿ ಕಾಯುವ ಪಬ್ ಕಾಯುತ್ತಲೇ ಮುಚ್ಚುತ್ತದೆ.

ಸರ್ಕಾರ ಮತ್ತು ಊರು

ಪಬ್ ನಡೆಸುವವರು ಇದೆಲ್ಲ ಮಾಡಿದರೂ ಸೂಪರ್ ಮಾರ್ಕೆಟಿನ ಬೆಲೆಯ ಅಂತರವನ್ನು ಒಬ್ಬರೇ ಮುಚ್ಚಲಾರರು. 2023ರ ಆಗಸ್ಟ್‌ನಿಂದ ಪೀಪಾಯಿ, ಕೆಗ್‌ಗಳಿಂದ ಸುರಿದು ಕೊಡುವ ಮದ್ಯಕ್ಕೆ ಕ್ಯಾನ್‌ಗಿಂತ ಕಡಿಮೆ ಸುಂಕ ಹಾಕುವ ಪದ್ಧತಿ ಬಂದಿದೆ. ಸ್ಕಾಟ್ಲೆಂಡ್ 2018ರಲ್ಲಿ ಮದ್ಯಾಂಶದ ಪ್ರತಿ ಯೂನಿಟ್ಟಿಗೆ 50 ಪೆನ್ಸ್ ಕನಿಷ್ಠ ಬೆಲೆ ನಿಗದಿ ಮಾಡಿ, 2024ರಲ್ಲಿ ಅದನ್ನು 65 ಪೆನ್ಸ್‌ಗೆ ಏರಿಸಿತು. ವೇಲ್ಸ್ 2020ರಲ್ಲಿ ಅದೇ ದಾರಿ ಹಿಡಿಯಿತು. ಇಂಗ್ಲೆಂಡ್ ಇನ್ನೂ ಹಿಡಿದಿಲ್ಲ. ಹಿಡಿಯಬೇಕು: ಆರೋಗ್ಯಕ್ಕೂ ಪಬ್ಬಿಗೂ ಒಟ್ಟಿಗೇ ಒಳ್ಳೆಯದಾಗುವ ನೀತಿಗಳು ಬಹಳ ಇಲ್ಲ. ವ್ಯಾಪಾರ ಹೆಚ್ಚಿಸಿದವರಿಗೇ ಕಟ್ಟಡ ತೆರಿಗೆ ಹೆಚ್ಚಿಸುವ ಲೆಕ್ಕವೂ ಬದಲಾಗಬೇಕು.

ಊರವರ ಕೈಯಲ್ಲೂ ಒಂದು ಸಾಧನವಿದೆ. 2011ರ ಲೋಕಲಿಸಂ ಕಾಯ್ದೆಯಂತೆ ಇಂಗ್ಲೆಂಡಿನ ಯಾವುದೇ ಊರಿನ ಕನಿಷ್ಠ 21 ಮತದಾರರು ಸೇರಿ ತಮ್ಮ ಪಬ್ಬನ್ನು ಸಮುದಾಯದ ಆಸ್ತಿ ಎಂದು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಲು ಕೋರಬಹುದು. ಮಾಲೀಕರು ಮಾರಲು ಹೊರಟರೆ ಊರವರು ಆರು ವಾರದೊಳಗೆ ಆಸಕ್ತಿ ತಿಳಿಸಬೇಕು. ತಿಳಿಸಿದರೆ ಹಣ ಹೊಂದಿಸಲು ಒಟ್ಟು ಆರು ತಿಂಗಳ ಕಾಲಾವಕಾಶ ಸಿಗುತ್ತದೆ. ಲಂಡನ್ನಿನ ನನ್‌ಹೆಡ್‌ನ ಐವಿ ಹೌಸ್ ಹೀಗೆ ನೋಂದಣಿಯಾದ ಮೊದಲ ಪಬ್. ಅಲ್ಲಿನ ಜನ ಅದನ್ನು ಕೊಂಡು 2013ರಲ್ಲಿ ಮರಳಿ ತೆರೆದರು. ಮಾಲೀಕರು ಊರವರಿಗೇ ಮಾರಬೇಕೆಂಬ ಕಡ್ಡಾಯವಿಲ್ಲ, ನೋಂದಣಿ ಐದು ವರ್ಷಕ್ಕೊಮ್ಮೆ ಹೊಸದಾಗಬೇಕು. ಹಾಗಿದ್ದೂ ಆರು ತಿಂಗಳು ಸಣ್ಣ ಅವಧಿಯಲ್ಲ.

ಈ ನೋಂದಣಿ ಮಾಡಬೇಕಾದ ಸಮಯ ಪಬ್ ಚೆನ್ನಾಗಿ ನಡೆಯುತ್ತಿರುವಾಗ. ಬಾಗಿಲು ಮುಚ್ಚಿದ ಮೇಲೆ ಪರವಾನಗಿ, ನೆಲಮಾಳಿಗೆಯ ಯಂತ್ರ, ಕೆಲಸಗಾರರು, ಗಿರಾಕಿಗಳ ರೂಢಿ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕು, ಅದು ದುಬಾರಿ. ತಮ್ಮ ಊರಿನ ಪಬ್ ಮೇಲೆ ಅಕ್ಕರೆಯಿರುವವರು ವಾರಕ್ಕೊಮ್ಮೆ ಅಲ್ಲಿ ಹೋಗಿ ಕೂರಲಿ, ಕಾಫಿಯನ್ನಾದರೂ ಕುಡಿಯಲಿ. ಅದರ ಜೊತೆಗೆ ಈ ವರ್ಷವೇ 21 ಸಹಿ ಹಾಕಿಸಿ ಅರ್ಜಿ ಕೊಡಲಿ.